ತೊಳೆದ ಮರಿಗಳು

ಕುರಿಯ ಮೈಮೇಲಿನ ಉಣ್ಣಿ ಸಾಯಿಸುವ ಮದ್ದಿನ ವಾಸನೆ ಒಮ್ಮೆ ಕೈಗೆ ಹತ್ತಿದರೆ ಮೂರು ದಿನ ಉಣ್ಣುವ ಅನ್ನದಲ್ಲೂ ಅದೇ ವಾಸನೆ. ಮೊನ್ನೆ ರಾಯಚೂರಿನ ನಮ್ಮ ಕಚೇರಿಯ ಉಗ್ರಾಣದಲ್ಲಿ ಹೊಸದಾಗಿ ಬಂದ ಡಬ್ಬಿಗಳನ್ನು ನೋಡುತ್ತಿದ್ದಾಗ ಒಂದರ ಮುಚ್ಚಳ ಸಡಿಲಾಗಿತ್ತು. ಸೀಮೆಎಣ್ಣೆಗೆ ಬೇವಿನ ಕಹಿ ಬೆರೆತಂಥ ಆ ಘಾಟು ಮೂಗಿಗೆ ಬಡಿದದ್ದೇ ತಡ, ರಿಜಿಸ್ಟರ್ ಮುಚ್ಚಿ ಹೊರಗೆ ಬಂದುಬಿಟ್ಟೆ. ಜೊತೆಗಿದ್ದ ಗುಮಾಸ್ತರು, "ಯಾಕ್ರಿ ಸರ್, ತಲಿ ತಿರುಗಿತೇನ್ರಿ?" ಎಂದರು. ಹೌದು ಎಂದು ಸುಳ್ಳು ಹೇಳಿದೆ. ಅವರಿಗೆ ಒಂದು ಇಡೀ ಚಳಿಗಾಲದ ಕಥೆ ಹೇಳುತ್ತ ನಿಲ್ಲುವ ತಾಳ್ಮೆ ನನಗಿರಲಿಲ್ಲ.

ತಾಳ್ಮೆ ನನಗೆ ಯಾವತ್ತೂ ಇದ್ದದ್ದಲ್ಲ. ಆ ಚಳಿಗಾಲದಲ್ಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೆ. ಪಶು ಇಲಾಖೆಗೆ ಜಾನುವಾರು ನಿರೀಕ್ಷಕನಾಗಿ ಸೇರಿ ವರ್ಷ ತುಂಬಿರಲಿಲ್ಲ. ಚೀಕಲಪರ್ವಿಯಲ್ಲಿ ಗದ್ದೆ ಕೂಲಿ ಮಾಡಿ ನನ್ನನ್ನು ಓದಿಸಿದ ಅವ್ವನಿಗೆ ಮಗ ಸರ್ಕಾರಿ ನೌಕರನಾದದ್ದೇ ದೊಡ್ಡದು. ಹಳ್ಳಿಯ ಜನರಿಗೆ ಸೂಜಿ ಹಿಡಿದವರೆಲ್ಲ ಡಾಕ್ಟರೇ, ಆದ್ದರಿಂದ ನಾನೂ ಡಾಕ್ಟರನಾಗಿದ್ದೆ. ಆ ವರ್ಷ ಕುರಿ, ದನಗಳ ಕಳವಿನ ದೂರುಗಳು ಹೆಚ್ಚಾಗಿದ್ದವು. ರೋಗದ ದನಗಳನ್ನು ಸುಳ್ಳು ಆರೋಗ್ಯ ಚೀಟಿ ತೋರಿಸಿ ಸಾಗಿಸುವುದೂ ನಡೆದಿತ್ತು. ಇಂಥ ಪ್ರಕರಣಗಳನ್ನು ತನಿಖೆ ಮಾಡುವುದು ಹೇಗೆಂದು ಪೊಲೀಸರನ್ನೂ ನಮ್ಮನ್ನೂ ರಾಯಚೂರಿನಲ್ಲಿ ಒಟ್ಟಿಗೆ ಕೂರಿಸಿ ಆರು ವಾರದ ತರಬೇತಿ ಇಟ್ಟರು. ಒಬ್ಬ ಪೊಲೀಸು, ಒಬ್ಬ ಪಶು ಇಲಾಖೆಯವನು, ಹೀಗೆ ಜೋಡಿ. ನನಗೆ ಜೋಡಿಯಾದವರು ಹೆಡ್ ಕಾನ್‌ಸ್ಟೇಬಲ್ ಮೆಹಬೂಬ್ ಸಾಬರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ, ಅವರ ತಂದೆ ರಾಯಚೂರಿನಲ್ಲಿ ಕುರಿ ವ್ಯಾಪಾರ ಮಾಡಿದವರು. ಮೊದಲ ದಿನವೇ ನನ್ನ ಕುಣಿಯುವ ಕಾಲನ್ನು ಬೆಂಚಿನ ಕೆಳಗೆ ತಮ್ಮ ಬೂಟಿನಿಂದ ಒತ್ತಿ ಹಿಡಿದು ಕೇಳಿದರು.

"ಡಾಕ್ಟರ್ ಸಾಬ್, ನಿಮ್ಮ ಅಮ್ಮಾ ನಿಮ್ಮನ್ನ ಓಡೋ ಬಸ್ಸಿನಾಗ ಹಡದಾಳೇನ್ರಿ?"

ಪಾಠ ಮಾಡುತ್ತಿದ್ದವರು ತುಮಕೂರು ಕಡೆಯ ನಿವೃತ್ತ ಅಧಿಕಾರಿ ರಂಗನಾಥಯ್ಯನವರು. ಮೆಲ್ಲಗೆ, ಒಂದೊಂದು ಮಾತನ್ನೂ ಎರಡು ಸಲ ಹೇಳುವವರು. ಬಣ್ಣ ಬಳಿದ ಕೋಡನ್ನು ಗುರುತಿಸುವುದು, ಕಿವಿಯ ನಂಬರಿನ ಓಲೆ ಕಿತ್ತು ಬೇರೆ ಹಾಕಿದ ತೂತನ್ನು ಪತ್ತೆ ಹಚ್ಚುವುದು, ರಕ್ತದ ಮಾದರಿಗೆ ಸೀಲು ಹಾಕುವುದು, ಪಂಚನಾಮೆ ಬರೆಯುವುದು, ಹೀಗೆ ದಿನಕ್ಕೊಂದು. ನಾನು ಮುಂದಿನ ಪುಟವನ್ನು ಮೊದಲೇ ಓದಿ, ಅವರು ಹೇಳುವಷ್ಟರಲ್ಲಿ ಬೇಸತ್ತು, ಚಹಾ ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಮೊದಲ ಸ್ಥಾನ ನನಗೇ ಬರಬೇಕೆಂಬ ಹಟ ಬೇರೆ. ಕೊನೆಯ ಎರಡು ವಾರ ದೇವದುರ್ಗ, ಮಾನ್ವಿ ತಾಲೂಕುಗಳಲ್ಲಿ ರಸ್ತೆ ತಪಾಸಣೆ ಎಂದಾಗ ನನಗೆ ಹಗ್ಗ ಬಿಚ್ಚಿದಂತಾಯಿತು.

ಅದು ಮಾನ್ವಿ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ತರುಬಿಸುವ ಕಾಲ. ದೂರದಿಂದ ಬಂದ ಕುರಿಗಾರರು ಒಬ್ಬರ ಗದ್ದೆಯಲ್ಲಿ ಎರಡು ದಿನ, ಇನ್ನೊಬ್ಬರ ಗದ್ದೆಯಲ್ಲಿ ಮೂರು ದಿನ ಹಿಂಡು ನಿಲ್ಲಿಸುತ್ತಾರೆ. ಕುರಿಯ ಹಿಕ್ಕೆ, ಗಂಜಲ ಬಿದ್ದ ನೆಲಕ್ಕೆ ಬೇರೆ ಗೊಬ್ಬರ ಬೇಡ. ಲಿಂಗಸುಗೂರು ಕಡೆಯ ಮಾಳವ್ವ ಎಂಬ ಕುರಿಗಾರ್ತಿ ತನ್ನ ತಮ್ಮನ ಜೊತೆ ಬಾಗಲವಾಡದ ಒಂದು ಗದ್ದೆಯಲ್ಲಿ ಹಟ್ಟಿ ಹಾಕಿದ್ದಳು. ಹಗಲಿನಲ್ಲಿ ದೊಡ್ಡ ಕುರಿಗಳು ಮೇಯಲು ಹೋದಾಗ ಹಾಲು ಕುಡಿಯುವ ಮರಿಗಳನ್ನು ಬಲೆಯೊಳಗೆ ಬಿಟ್ಟಿರುತ್ತಾರೆ. ಒಂದು ಸೋಮವಾರ ಅವಳು ಕಾಲುವೆಗೆ ನೀರಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಬಲೆ ಕೊಯ್ದು ಹನ್ನೊಂದು ಮರಿಗಳನ್ನು ಗಾಡಿಗೆ ಹಾಕಿಕೊಂಡು ಹೋಗಿದ್ದರು. ಅವಳು ಅಳುತ್ತಲೇ ಹೋಗಿ ದೂರು ಕೊಟ್ಟಿದ್ದಳು.

ಮರುದಿನ ಮಧ್ಯಾಹ್ನ ಗಬ್ಬೂರು ಸಮೀಪ ನಾವು ತಡೆದ ಸಣ್ಣ ಗೂಡ್ಸ್ ಗಾಡಿಯಲ್ಲಿ ಹನ್ನೊಂದು ಮರಿಗಳಿದ್ದವು. ಆರೋಗ್ಯ ಚೀಟಿ ಇರಲಿಲ್ಲ. ಗಾಡಿಯವನು ದೇವದುರ್ಗದ ಸಂತೆಯಲ್ಲಿ ಕೊಂಡದ್ದೆಂದು ಒಂದು ಚೀಟಿ ತೋರಿಸಿದ. ಅದರಲ್ಲಿ 'ಮರಿ ಹನ್ನೊಂದು' ಎಂದಷ್ಟೇ ಇತ್ತು. ಕುರಿಗಾರರ ಒಂದೊಂದು ಮನೆತನಕ್ಕೂ ಕಿವಿಯ ಅಂಚನ್ನು ಕೊಯ್ಯುವ ಅದರದೇ ಗುರುತಿರುತ್ತದೆ, ಆದರೆ ಹಾಲು ಬಿಡುವ ತನಕ ಮರಿಯ ಕಿವಿ ಮುಟ್ಟುವುದಿಲ್ಲ. ಈ ಹನ್ನೊಂದರ ಕಿವಿಗಳೂ ನುಣ್ಣಗಿದ್ದವು. ಅಂದರೆ ಗುರುತಿಲ್ಲ, ಸಾಕ್ಷಿಯಿಲ್ಲ.

"ಚಿಂತಿ ಬ್ಯಾಡ್ರಿ," ಎಂದರು ಮೆಹಬೂಬ್ ಸಾಬರು. "ತಾಯಿಗೆ ಬಿಡೋದು ಅಂತ ಅದ. ಐದು ಮಂದಿ ಮುಂದ ಕುರಿ ಬಿಡಬೇಕು, ಮರಿ ಬಿಡಬೇಕು. ಕುರಿ ಮೂಸಿ ಮಲಿ ಕೊಟ್ರ ಮರಿ ಅದರದ. ನಮ್ಮಪ್ಪನ ಕಾಲದಾಗಿಂದ ಯಾವ ಜಗಳಾನೂ ಇದರ ಮ್ಯಾಲ ದಾಟಿಲ್ಲ. ನಾ ಮಾನ್ವಿಗೆ ಹೋಗಿ ಆಕಿನ್ನ ಕರ್ಕೊಂಡು ಬರ್ತೀನಿ. ನೀವು ಇಲ್ಲೇ ಮರಿ ಕಾಯ್ಕೊಂಡು ಸುಮ್ನ ಕುಂದ್ರಿ. ಸುಮ್ನ."

ದೇವದುರ್ಗದ ಹೊರಗೆ ತರಬೇತಿಗೆಂದು ಹಿಡಿದಿದ್ದ ಖಾಲಿ ಗೋದಾಮಿಗೆ ಮರಿಗಳನ್ನು ತಂದೆ. ಸುಮ್ಮನೆ ಕೂರುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಮಾಡುತ್ತಿದ್ದೆ. ಮರಿಗಳು ಮೈ ಕೆರೆದುಕೊಳ್ಳುತ್ತಿದ್ದವು. ಹೊಟ್ಟೆಯ ಕೆಳಗೆ ಉಣ್ಣಿ. ನನ್ನ ಪುಸ್ತಕದಲ್ಲಿ, ವಶಕ್ಕೆ ಪಡೆದ ಪ್ರಾಣಿಗಳನ್ನು ಎರಡು ಗಂಟೆಯೊಳಗೆ ಎಣಿಸಿ, ಓಲೆ ಹಾಕಿ, ಮೈ ಶುಚಿಮಾಡಿ, ಬೇರೆ ಇಡಬೇಕೆಂದಿತ್ತು. ಪ್ರತಿಯೊಂದಕ್ಕೂ ಅಂಕ. ಟಬ್ಬಿಗೆ ನೀರು ತುಂಬಿ, ಮದ್ದು ಕಲಸಿ, ಹನ್ನೊಂದನ್ನೂ ಒಂದೊಂದಾಗಿ ಅದ್ದಿ, ಬಾಲದ ಬುಡದವರೆಗೂ ಉಜ್ಜಿ ತೊಳೆದೆ. ಒರೆಸಿದೆ. ಹಳದಿ ಓಲೆ ಹಾಕಿದೆ. ಫೋಟೊ ತೆಗೆದು ತರಬೇತಿಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಬಿಳೀ ಮರಿಗಳು ಸಾಲಾಗಿ ನಿಂತಿದ್ದವು. ಅರ್ಧ ಗಂಟೆಯಲ್ಲಿ ಚಪ್ಪಾಳೆಯ ಚಿತ್ರಗಳು ತುಂಬಿಹೋದವು. ಆ ಸಂಜೆ ನನ್ನಷ್ಟು ಹಿಗ್ಗಿದವನು ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ.

ಬುಧವಾರ ಬೆಳಿಗ್ಗೆ ಟ್ರ್ಯಾಕ್ಟರ್ ಟ್ರೇಲಿಯಲ್ಲಿ ಮಾಳವ್ವ ಬಂದಳು. ಜೊತೆಗೆ ಹನ್ನೊಂದು ತಾಯಿಕುರಿಗಳು, ಕೆಚ್ಚಲು ಬಿಗಿದು ಕೆಂಪಾಗಿದ್ದವು. ಊರಿನ ಐದು ಜನ ಪಂಚರು, ವಿಡಿಯೊ ತೆಗೆಯುವವನೊಬ್ಬ, ಗಾಡಿಯವನು, ಎಲ್ಲರೂ ಗೋದಾಮಿನ ಅಂಗಳದಲ್ಲಿ ನಿಂತಿದ್ದರು. ಮೆಹಬೂಬ್ ಸಾಬರು ಒಳಗೆ ಬಂದು ಮರಿಗಳನ್ನು ನೋಡಿದರು. ಮೂಗು ಅರಳಿಸಿದರು. ಆಮೇಲೆ ನನ್ನನ್ನು ನೋಡಿದರು.

"ಕ್ಯಾ ಕರ್ ದಿಯೇ ಮಿಯಾ," ಎಂದರು ಮೆಲ್ಲಗೆ.

ಏನು ಮಾಡಿದೆನೆಂದು ನನಗೆ ಗೊತ್ತಾಗಲು ಇನ್ನೂ ಐದು ನಿಮಿಷ ಬೇಕಾಯಿತು. ಮೊದಲ ಮರಿಯನ್ನು ಬಿಟ್ಟೆವು. ಅದು ಓಡಿಹೋಗಿ ಒಂದು ಕುರಿಯ ಹೊಟ್ಟೆಗೆ ತಲೆ ತೂರಿಸಿತು. ಕುರಿ ತಿರುಗಿ ಅದರ ಬಾಲ ಮೂಸಿತು, ಬೆಚ್ಚಿ ಹಿಂದೆ ಸರಿದು ಹಣೆಯಿಂದ ಗುದ್ದಿತು. ಮರಿ ಬಿದ್ದು, ಎದ್ದು, ಮತ್ತೆ ಹೋಯಿತು. ಮತ್ತೆ ಗುದ್ದು. ಎರಡನೆಯದೂ ಹಾಗೆ, ಮೂರನೆಯದೂ ಹಾಗೆ. ಹನ್ನೊಂದನೆಯದರ ಹೊತ್ತಿಗೆ ಅಂಗಳದಲ್ಲಿ ಮರಿಗಳ ಅರಚಾಟ ಬಿಟ್ಟು ಬೇರೆ ಸದ್ದಿರಲಿಲ್ಲ. ಮಾಳವ್ವ ಒಂದು ಮರಿಯನ್ನು ಎತ್ತಿ ಮೂಸಿ ನೋಡಿದಳು.

"ಯಾರು ತೊಳದ್ರಿ ಇವನ್ನ?"

"ನಾನು," ಎಂದೆ. "ಉಣ್ಣಿ ಇದ್ದವು."

"ಉಣ್ಣಿ ಇರ್ಲಿ ಬಿಡ್ರಿ. ಹಾಲು ಕುಡಿಯೋ ಮರಿ ಮೈಗೆ ನಾವು ಹೊಳಿ ನೀರು ಸೈತ ಸೋಕಸಂಗಿಲ್ಲ. ಮೈವಾಸನಿ ಹೋದ್ರ ತಾಯಿಗಿ ಅದು ಯಾರ ಮರಿನೋ."

ಗಾಡಿಯವನಿಗೆ ಇಷ್ಟೇ ಸಾಕಾಗಿತ್ತು. "ನೋಡ್ರಿ, ಆಕಿ ಕುರಿಗಳಽ ಒಲ್ಲೆ ಅನ್ನಾಕತ್ತಾವ. ಇನ್ನೇನು ಸಾಕ್ಷಿ ಬೇಕ್ರಿ? ಬರಕೊಳ್ರಿ," ಎಂದ. ಕಂಡದ್ದನ್ನು ಬರೆಯಲೇಬೇಕು. ಕುರಿಗಳು ಮರಿಗಳನ್ನು ಸೇರಿಸಿಕೊಳ್ಳಲಿಲ್ಲ ಎಂದು ಪಂಚನಾಮೆಯಾಯಿತು, ಪಂಚರು ಸಹಿ ಮಾಡಿದರು. ಮರಿಗಳು ಯಾರ ವಶಕ್ಕೆ ಎಂಬುದನ್ನು ಸೋಮವಾರ ಕೋರ್ಟು ಹೇಳುವುದಿತ್ತು. ಮಾಳವ್ವನ ಮರಿಗಳನ್ನು ಮಾಳವ್ವನಿಂದ ಕಿತ್ತುಕೊಳ್ಳುವ ಕಾಗದವನ್ನು ನನ್ನ ಕೈಯಾರೆ ತಯಾರು ಮಾಡಿಕೊಟ್ಟಂತಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಒಂದು ವಿಷಯ ಮಾತ್ರ ಆ ಕಾಗದದಲ್ಲಿ ಇರಲಿಲ್ಲ. ಮರಿಗಳನ್ನು ಹಿಂದಿನ ದಿನವೇ ಮದ್ದಿನಲ್ಲಿ ತೊಳೆದದ್ದು. ಮೆಹಬೂಬ್ ಸಾಬರು ನನಗೆ ನೇರವಾಗಿ ಹೇಳಿದರು: "ನೀವು ಬರದು ಕೊಡ್ರಿ. ನಾ ತೊಳದೆ, ಅದಕ್ಕ ಹಿಂಗಾತು, ಇನ್ನೊಮ್ಮಿ ಬಿಟ್ಟು ನೋಡ್ರಿ ಅಂತ. ನಿಮ್ಮ ಕೈಲೆ ಬಂದ್ರ ಕೋರ್ಟು ಕೇಳ್ತದ. ನಾ ಬರದ್ರ ಪೊಲೀಸ್ರು ಕಥಿ ಕಟ್ಟಾಕತ್ತಾರ ಅಂತಾರ."

ಬರೆಯುತ್ತೇನೆ ಎಂದೆ. ಬರೆಯಲಿಲ್ಲ. ಸೇವೆ ಇನ್ನೂ ಕಾಯಂ ಆಗಿರಲಿಲ್ಲ, ಸಾಕ್ಷ್ಯ ಕೆಡಿಸಿದವನೆಂದು ಕಡತದಲ್ಲಿ ಬಿದ್ದರೆ ಮುಂದೇನು ಎಂಬ ಹೆದರಿಕೆ. ಗುರುವಾರ ಕೆಲಸವಿಲ್ಲದಿದ್ದರೂ ಬೈಕು ಹತ್ತಿ ರಾಯಚೂರಿಗೆ ಹೋದೆ, ತರಬೇತಿ ಕೋಣೆಯ ಬಾಗಿಲವರೆಗೆ ಹೋಗಿ ರಂಗನಾಥಯ್ಯನವರನ್ನು ನೋಡದೆ ತಿರುಗಿದೆ. ಅಲ್ಲಿಂದ ಮಾನ್ವಿ, ಮಾನ್ವಿಯಿಂದ ಮತ್ತೆ ದೇವದುರ್ಗ. ಎಲ್ಲಿ ನಿಂತರೂ ಕೈಯ ಘಾಟು ಮೂಗಿಗೆ ಬರುತ್ತಿತ್ತು. ಹತ್ತಿ ಬಿಡಿಸುವ ಹೆಂಗಸರು, ಮೆಣಸಿನಕಾಯಿ ಒಣಹಾಕಿದ ಕಣಗಳು, ಕಾಲುವೆ ಏರಿ, ಒಂದನ್ನೂ ಸರಿಯಾಗಿ ನೋಡಲಿಲ್ಲ. ನನ್ನ ಬಗ್ಗೆ ನನಗೆ ಅಸಹ್ಯವಾಗಿತ್ತು, ಆದರೂ ಪೆನ್ನು ಮೇಲೇಳಲಿಲ್ಲ.

ಮಾಳವ್ವ ಮಾತ್ರ ಎಲ್ಲಿಗೂ ಹೋಗಲಿಲ್ಲ. ಗೋದಾಮಿನ ಗೋಡೆಗೆ ಹತ್ತಿ ಕಂಬಳಿ ಹಾಸಿ, ಹನ್ನೊಂದು ಕುರಿಗಳನ್ನು ಕಟ್ಟಿಕೊಂಡು ಕೂತಳು. ಅವಳ ತಮ್ಮ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಬಾಗಲವಾಡದ ಗದ್ದೆಯವರ ದಿನ ಮುಗಿದಿತ್ತು, ಹೊಳೆ ದಂಡೆಯ ಊರುಗಳವರು ಕಾಯುತ್ತಿದ್ದರು, ಹಿಂಡು ಹೊರಡಬೇಕಿತ್ತು. ಸೋಮವಾರದ ತನಕ ಬರಲಾರೆ ಎಂದು ಇವಳು ಫೋನಿನಲ್ಲೇ ಜಗಳವಾಡುತ್ತಿದ್ದಳು. ಹಾಲು ಬತ್ತದಿರಲೆಂದು ಎರಡು ಹೊತ್ತೂ ಕುರಿಗಳನ್ನು ಕರೆದು, ಆ ಹಾಲನ್ನು ತಂಬಿಗೆಯಲ್ಲಿ ಕಿಟಕಿಯಿಂದ ನನಗೆ ಕೊಡುತ್ತಿದ್ದಳು.

"ಕುಡಸ್ರಿ ಡಾಕ್ಟ್ರ. ವಾಸನಿ ಒಳಗಿಂದ ಬರ್ತದ. ಹೊಟ್ಟ್ಯಾಗ ನಮ್ಮ ಹಾಲು ಇದ್ರ ಮೈಯಾಗ ನಮ್ಮ ವಾಸನಿ."

ಹಾಲನ್ನು ಮರಿಗಳ ಮೈಗೆ ಸವರಿಬಿಡೋಣವೇ ಎಂದು ನಾನು ಕೇಳಿದ್ದೆ. ಮೆಹಬೂಬ್ ಸಾಬರು ಕಣ್ಣು ಕೆಂಪಗೆ ಮಾಡಿದ್ದರು. "ಹಾಲು ಸವರಿದ್ರ ನನ್ನನ್ನೂ ಕುರಿ ತನ್ನ ಮರಿ ಅಂತದ. ಅದು ಮೋಸ ಆಗ್ತದ. ಕುಡಸೋದು ನಿಮ್ಮ ಕೆಲಸ, ಕುಡಸ್ರಿ. ಬ್ಯಾರೆ ಏನೂ ಬ್ಯಾಡ." ಹೀಗೆ ಬಾಟಲಿ ಹಿಡಿದು ಹನ್ನೊಂದು ಬಾಯಿಗಳ ನಡುವೆ ಕೂರುವುದು ನನ್ನ ಪಾಲಿಗೆ ಬಂತು.

ಶನಿವಾರ ಮಧ್ಯಾಹ್ನ ಹಾಗೆ ಕೂತಿದ್ದಾಗ ಒಂದು ಮರಿ ಕೂಗಿತು. ಗೋಡೆಯ ಆಚೆಯಿಂದ ಒಂದು ಕುರಿ ಓಗೊಟ್ಟಿತು. ಇನ್ನೊಂದು ಮರಿ ಕೂಗಿತು, ಬೇರೊಂದು ದನಿಯ ಕುರಿ ಓಗೊಟ್ಟಿತು. ಮೂರು ದಿನದಿಂದ ಕಿವಿಗೆ ಬೀಳುತ್ತಿದ್ದುದೇ, ನಾನು ಕೇಳಿಸಿಕೊಂಡಿರಲಿಲ್ಲ. ಹೊರಗೆ ಹೋಗಿ ಮಾಳವ್ವನ ಪಕ್ಕ ನಿಂತೆ. ಒಳಗೆ ಒಂದು ಮರಿ ಅರಚಿದರೆ ಹನ್ನೊಂದು ಕುರಿಗಳಲ್ಲಿ ಒಂದೇ ತಲೆ ಎತ್ತುತ್ತಿತ್ತು, ಉಳಿದವು ಮೆಲುಕು ಹಾಕುತ್ತಿದ್ದವು. ಮೂಗು ಮರೆತದ್ದನ್ನು ಕಿವಿ ಮರೆತಿರಲಿಲ್ಲ.

"ಯವ್ವಾ, ಇದು ನಿನಗ ಮೊದಲಽ ಗೊತ್ತಿತ್ತೇನು?" ಎಂದೆ.

"ಗೊತ್ತಿಲ್ಲದ ಇಲ್ಲಿ ಯಾಕ ಕುಂತೀನ್ರಿ?" ಎಂದಳು. "ಇವು ನನ್ನವು ಅನ್ನೋದು ನನಗ ಗೊತ್ತದ, ಕುರಿಗಿ ಗೊತ್ತದ. ನಿಮಗ ಗೊತ್ತಾಗ್ಲಿ ಅಂತ ಕುಂತೀನಿ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗೆ ಹೋಗಿ, ಮರಿಗಳ ನಡುವೆಯೇ ಕೂತು, ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದೆ. ತಾಯಿಗೆ ಬಿಡುವ ಮೊದಲೇ ಮರಿಗಳನ್ನು ಮದ್ದಿನ ನೀರಿನಲ್ಲಿ ತೊಳೆದವನು ನಾನು, ತೊಳೆಯಬಾರದೆಂಬುದು ನನಗೆ ಗೊತ್ತಿರಲಿಲ್ಲ, ಬುಧವಾರದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಸಹಿ ಮಾಡಿದ ಕಾಗದವನ್ನು ಮೆಹಬೂಬ್ ಸಾಬರು ಎರಡು ಸಲ ಓದಿದರು, ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ನನ್ನ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿ ಹೋದರು.

ರಂಗನಾಥಯ್ಯನವರು ಭಾನುವಾರ ಖುದ್ದಾಗಿ ಬಂದರು. "ಗುರುತು ಮೊದಲು, ಮದ್ದು ಆಮೇಲೆ ಅಂತ ಒಂದು ಗಂಟೆ ಪಾಠ ಮಾಡಿದ್ನಲ್ಲಪ್ಪ. ನೀನು ಎಲ್ಲಿದ್ದೆ?" ಎಂದರು. ಚಹಾ ಕುಡಿಯಲು ಹೋಗಿದ್ದೆ ಎಂದೆ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. ಪ್ರಮಾಣಪತ್ರ ಈ ಸಲ ಇಲ್ಲ, ಮುಂದಿನ ತಂಡದ ಜೊತೆ ಮೊದಲಿನಿಂದ ಕೂರಬೇಕು ಎಂದರು. ತಲೆಯಾಡಿಸಿದೆ. ಕೋರ್ಟು ಸೋಮವಾರ ನನ್ನ ಕಾಗದ ನೋಡಿ, ಇನ್ನೊಮ್ಮೆ ಬಿಟ್ಟು ನೋಡಲು ಹೇಳಿತು.

ಅಂದು ಮಧ್ಯಾಹ್ನ ಅದೇ ಅಂಗಳ, ಅದೇ ಐದು ಜನ. ತೊಳೆದು ಆರು ದಿನವಾಗಿತ್ತು. ಮಾಳವ್ವ ಬೆಳಗಿನಿಂದ ಕುರಿಗಳ ಹಾಲು ಕರೆದಿರಲಿಲ್ಲ. ಮೊದಲ ಮರಿ ಓಡಿತು. ಕುರಿ ಬಾಲ ಮೂಸಿತು. ಅದು ಮತ್ತೆ ಮೂಸಿತು, ಮೂರನೆಯ ಸಲವೂ ಮೂಸಿತು. ಆಮೇಲೆ ಗಂಟಲೊಳಗೆ ಸಣ್ಣಗೆ ಗುರುಗುಟ್ಟಿ, ಹಿಂಗಾಲು ಅಗಲಿಸಿ ನಿಂತಿತು. ಮರಿಯ ಬಾಲ ಪಟಪಟ ಆಡಿತು. ಎರಡನೆಯದು, ಮೂರನೆಯದು. ನಾಲ್ಕನೆಯ ಕುರಿ ಮೊಲೆ ಕೊಟ್ಟಾಗ ಗಾಡಿಯವನು ಫೋನು ಬಂದಿದೆ ಎಂದು ಕಿವಿಗೆ ಹಿಡಿದುಕೊಂಡು ರಸ್ತೆಗೆ ಹೋದ. ಫೋನು ರಿಂಗೇ ಆಗಿರಲಿಲ್ಲ. ಹೊರಗೆ ನಿಂತಿದ್ದ ಪೊಲೀಸರು ಬೆನ್ನು ಹತ್ತಿ ಹೋಗಿ ಅವನನ್ನು ಬಸ್ ನಿಲ್ದಾಣದಲ್ಲಿ ಹಿಡಿದು ತಂದರು, ಸಂತೆಯ ಚೀಟಿ ತಾನೇ ಬರೆದದ್ದೆಂದು ಸಂಜೆಗೆ ಒಪ್ಪಿಕೊಂಡ.

ಎಂಟು ಕುರಿಗಳು ಸೇರಿಸಿಕೊಂಡವು. ಮೂರು ಸೇರಿಸಿಕೊಳ್ಳಲಿಲ್ಲ. ಹನ್ನೊಂದೂ ಮಾಳವ್ವನವೇ ಎಂಬುದರಲ್ಲಿ ಈಗ ಯಾರಿಗೂ ಅನುಮಾನವಿರಲಿಲ್ಲ, ಆದರೆ ಆ ಮೂರು ಮರಿಗಳು ತಾಯಿಯ ಎದುರೇ ತಬ್ಬಲಿಗಳಾಗಿದ್ದವು. ಎಷ್ಟು ಸಲ ಹತ್ತಿರ ಬಿಟ್ಟರೂ ಗುದ್ದು. ಮಾಳವ್ವ ಎಂಟನ್ನು ಟ್ರೇಲಿಗೆ ಹತ್ತಿಸಿ, ಮೂರನ್ನು ತಂದು ನನ್ನ ಕಾಲ ಬಳಿ ಬಿಟ್ಟಳು.

"ನಾ ದಿನಾ ಹಿಂಡಿನ ಹಿಂದ ನಡಿಯಾಕಿ. ಬಾಟ್ಲಿ ಹಿಡ್ಕೊಂಡು ಕುಂದ್ರಾಕ ಆಗಂಗಿಲ್ಲ. ತೊಳದಾವ್ರು ನೀವು, ಸಾಕ್ರಿ. ಹೊಳ್ಳಿ ಊರಿಗಿ ಹೋಗೂಮುಂದ ಬಂದು ಒಯ್ತೀನಿ."

ಮೆಹಬೂಬ್ ಸಾಬರು ನಕ್ಕದ್ದು ಆ ವಾರದಲ್ಲಿ ಅದೇ ಮೊದಲು.

ಮೂರನ್ನೂ ಚೀಕಲಪರ್ವಿಗೆ ಒಯ್ದೆ. ಅವ್ವ ಬಾಗಿಲಲ್ಲಿ ನಿಂತು, "ಸರಕಾರಿ ನೌಕ್ರಿ ಅಂದಿ, ಕುರಿ ಕಾಯೋ ನೌಕ್ರಿ ಅಂತ ಹೇಳಿರಲಿಲ್ಲಲ್ಲೋ ಯಪ್ಪಾ," ಎಂದಳು. ಹೇಳುತ್ತಲೇ ಒಂದನ್ನು ಎತ್ತಿಕೊಂಡಳು. ನಾನು ಮಾನ್ವಿಯ ಕೆಲಸ ಮುಗಿಸಿ ದಿನಾ ಊರಿಗೆ ಹೋಗತೊಡಗಿದೆ. ಬೆಳಿಗ್ಗೆ ಒಂದು ಬಾಟಲಿ, ಸಂಜೆ ಒಂದು ಬಾಟಲಿ. ಹಾಲು ಬಿಟ್ಟ ಮೇಲೆ ಹೊಳೆ ದಂಡೆಯ ಹುಲ್ಲು. ಬೈಕಿನ ಸದ್ದು ಕೇಳಿದರೆ ಮೂರೂ ಬೀದಿಯ ತಿರುವಿನ ತನಕ ಓಡಿ ಬರುತ್ತಿದ್ದವು. ಮೂರರ ದನಿಯೂ ನನಗೆ ಬೇರೆಬೇರೆಯಾಗಿ ಗೊತ್ತಾಗಿತ್ತು. ಅದರಲ್ಲಿ ಒಂದರದು ಸ್ವಲ್ಪ ಒಡೆದ ದನಿ.

ಬಿಸಿಲು ಬಲಿಯುವ ಹೊತ್ತಿಗೆ ಮಾಳವ್ವನ ಹಿಂಡು ಹೊಳೆ ದಂಡೆಯಿಂದ ಹೊರಟಿತು. ಅವಳು ನಮ್ಮ ಬಾಗಿಲಿಗೆ ಬಂದು ಮೂರನ್ನೂ ನೋಡಿದಳು, ಬೆನ್ನು ಅದುಮಿದಳು. "ಛಲೋ ಬೆಳದಾವ," ಎಂದಳು. ಎಳೆದರೂ ಅವು ಹೋಗಲಿಲ್ಲ. ಹಗ್ಗ ಹಾಕಿದರೆ ಮಲಗಿಬಿಟ್ಟವು. ನನ್ನ ಕಾಲ ನಡುವೆ ನುಗ್ಗಿ ನಿಂತವು.

"ಹಿಂಗ ಬರಂಗಿಲ್ಲ," ಎಂದಳು. "ನೀವಽ ಹಿಂಡಿನ ಸಂಗಾಟ ನಡೀರಿ. ಬೆರತ ಮ್ಯಾಲ ನಾ ಕೈ ಮಾಡ್ತೀನಿ. ಆವಾಗ ಗಿಡದ ಹಿಂದ ಅಡಗಿ ನಿಂದ್ರಿ. ಕಣ್ಣಿಗಿ ಬೀಳಬ್ಯಾಡ್ರಿ, ದನಿ ಮಾಡಬ್ಯಾಡ್ರಿ."

ಕಾಲುವೆಯ ಏರಿಯ ಮೇಲೆ ಕುರಿಗಳ ಧೂಳಿನಲ್ಲಿ ನಡೆದೆ. ಮೂರೂ ಮೊದಲು ನನ್ನ ಕಾಲಿಗೇ ಅಂಟಿಕೊಂಡಿದ್ದವು. ಮೆಲ್ಲಗೆ ಒಂದು ಮರಿ ಹಸಿರು ಕಂಡು ಪಕ್ಕಕ್ಕೆ ಸರಿಯಿತು, ಇನ್ನೊಂದು ಅದರ ಹಿಂದೆ ಹೋಯಿತು. ಒಡೆದ ದನಿಯದು ಎಲ್ಲಕ್ಕಿಂತ ತಡವಾಗಿ ಹೋಯಿತು. ಮುಂದಿದ್ದ ಮಾಳವ್ವ ಒಮ್ಮೆ ತಿರುಗಿ ನೋಡಿ ಕೈ ಎತ್ತಿದಳು. ನಾನು ಏರಿಯ ಕೆಳಗಿಳಿದು ಜಾಲಿ ಗಿಡದ ಹಿಂದೆ ಕೂತೆ.

ಹಿಂಡು ಸ್ವಲ್ಪ ದೂರ ಹೋಗಿತ್ತು. ಅದು ಕೂಗಿತು. ಯಾವುದೆಂದು ನೋಡಬೇಕಾಗಿರಲಿಲ್ಲ, ಅದೇ ಒಡೆದ ದನಿ. ಓಗೊಡಬೇಕೆಂದು ಬಾಯಿಗೆ ಬಂದಿತ್ತು, ಎರಡೂ ಕೈಯಿಂದ ಮುಚ್ಚಿಕೊಂಡೆ. ಇನ್ನೊಮ್ಮೆ ಕೂಗಿತು. ಕಾದು, ಮೂರನೆಯ ಸಲ ಕೂಗಿ, ಸುಮ್ಮನಾಯಿತು. ಅಲ್ಲಿ ಕೂತು ಅತ್ತೆ, ಹಿಂಡು ಕಾಲುವೆಯ ಸೇತುವೆ ದಾಟಿ ಧೂಳು ಅಡಗುವ ತನಕ ಕದಲಲಿಲ್ಲ.